ಶಾಪಗ್ರಸ್ತ ಮನೆಯ ಇಸಿ ತೆಗೆಸಿದಾಗ

ಸೀನಿಯರ್ ಒಬ್ಬರು ಹಾಸ್ಟೆಲ್ ರೂಮ್ ಖಾಲಿ ಮಾಡುವಾಗ ಬಿಟ್ಟುಹೋದ ಪುಸ್ತಕಗಳ ರಾಶಿಯಲ್ಲಿ ನಮಗೊಂದು ದಪ್ಪ ಕಾದಂಬರಿ ಸಿಕ್ತು. ಹೆಸರು 'ಗ್ರೀನ್ ಡಾರ್ಕ್‌ನೆಸ್'. ಬರೆದವರು ಆನ್ಯಾ ಸೀಟನ್ ಎಂಬ ಅಮೆರಿಕನ್ ಲೇಖಕಿ, ಪ್ರಕಟವಾದದ್ದು 1972ರಲ್ಲಿ. ರೂಮ್‌ನ ಮೂವರೂ ಪಾಳಿ ಹಾಕಿಕೊಂಡು ಓದಿದೆವು. ಮೊದಲು ದೆವ್ವದ ಕಥೆ ಅಂದ್ಕೊಂಡಿದ್ವಿ. ಓದಿ ಮುಗಿಸಿದ ಮೇಲೆ ಜಗಳ ಶುರುವಾಯ್ತು. ತಾತ ಮಾಡಿದ ತಪ್ಪಿಗೆ ಮೊಮ್ಮಗ ಯಾಕೆ ಸಾಯಬೇಕು ಅನ್ನೋದು ಜಗಳದ ವಿಷಯ. ಅದನ್ನು ಬಗೆಹರಿಸಲು ಹೋಗಿ ಇಂಗ್ಲೆಂಡಿನ ಶಾಪದ ಮನೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು. ಆ ಓದಿನಿಂದ ಹುಟ್ಟಿದ್ದು ಈ ಲೇಖನ. ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಕಥೆ ಹೀಗಿದೆ (ಸಸ್ಪೆನ್ಸ್ ಹಾಳಾಗುತ್ತೆ, ಮೊದಲೇ ಹೇಳಿಬಿಡ್ತೀವಿ). 1968ರಲ್ಲಿ ಸಸೆಕ್ಸ್ ಪ್ರಾಂತ್ಯದ ಒಂದು ಹಳೇ ಮ್ಯಾನರ್ ಹೌಸ್‌ಗೆ ರಿಚರ್ಡ್ ಮಾರ್ಸ್‌ಡನ್ ಎಂಬವನು ತನ್ನ ಅಮೆರಿಕನ್ ಹೆಂಡತಿ ಸೀಲಿಯಾ ಜೊತೆ ಬಂದು ವಾಸಿಸುತ್ತಾನೆ. ಮ್ಯಾನರ್ ಅಂದ್ರೆ ಬರೀ ದೊಡ್ಡ ಬಂಗಲೆ ಅಲ್ಲ. ಸುತ್ತಲಿನ ಜಮೀನು, ಗೇಣಿ, ಒಕ್ಕಲು ಎಲ್ಲ ಸೇರಿದ ಒಡೆತನ. ನಮ್ಮ ಕಡೆ ಪಟೇಲರ ದೊಡ್ಡಮನೆ ಅಂತಾರಲ್ಲ, ಸುಮಾರಾಗಿ ಆ ಥರ. ಅಲ್ಲಿ ಸೀಲಿಯಾ ಇದ್ದಕ್ಕಿದ್ದಂತೆ ಮಾತು, ಚಲನೆ ಎಲ್ಲ ನಿಂತು ಕಲ್ಲಿನ ಹಾಗೆ ಆಗಿಬಿಡ್ತಾಳೆ. ಅವಳನ್ನು ನೋಡಲು ಬರುವ ಡಾಕ್ಟರ್ ಒಬ್ಬ ಭಾರತೀಯ, ಹೆಸರು ಜಿಡ್ಡು ಆಕಾನಂದ! ಆ ಹೆಸರು ನೋಡಿ ನಾವು ನಕ್ಕಿದ್ದೂ ಉಂಟು. ಆದರೆ ಕಾದಂಬರಿಯ ಕೀಲಿಕೈ ಅವನ ಹತ್ತಿರವೇ ಇರೋದು. ಇದು ಕಾಯಿಲೆ ಅಲ್ಲ, ಹಿಂದಿನ ಜನ್ಮದ ಬಾಕಿ ಅಂತ ಅವನು ಹೇಳ್ತಾನೆ. ಅಲ್ಲಿಂದ ಕಥೆ 1550ರ ದಶಕಕ್ಕೆ ಹಾರುತ್ತೆ. ಅಲ್ಲಿ ಸೀಲಿಯಾ ಕೌಡ್ರೇ ಎಂಬ ಶ್ರೀಮಂತ ಮನೆಯ ಆಶ್ರಯದಲ್ಲಿರುವ ಬಡ ಹುಡುಗಿ, ರಿಚರ್ಡ್ ಅದೇ ಮನೆಯ ಪಾದ್ರಿ ಸ್ಟೀಫನ್. ಸನ್ಯಾಸಿಯನ್ನು ಪ್ರೀತಿಸಿದ ಹುಡುಗಿಯನ್ನು ಕೊನೆಗೆ ಗೋಡೆಯೊಳಗೆ ಜೀವಂತವಾಗಿ ಇಟ್ಟು ಮುಚ್ಚುತ್ತಾರೆ.

ಕೌಡ್ರೇ ಕಲ್ಪನೆಯ ಮನೆ ಅಲ್ಲ, ನಿಜವಾಗಿ ಇದೆ. ಕಾದಂಬರಿಗಿಂತ ಅದರ ಚರಿತ್ರೆಯೇ ನಮ್ಮನ್ನು ಹೆಚ್ಚು ಹಿಡಿದಿಟ್ಟಿತು.

1536ರಿಂದ 1540ರೊಳಗೆ ರಾಜ ಎಂಟನೇ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿದ. ಸುಮಾರು 800 ಮಠ. ಅವುಗಳ ಜಮೀನು, ಕಟ್ಟಡ, ಚಾವಣಿಯ ಸೀಸ, ಗಂಟೆ ಎಲ್ಲ ಸರ್ಕಾರದ ಪಾಲಾಯಿತು. ಜಮೀನಿನ ಬಹುಪಾಲನ್ನು ರಾಜ ತನ್ನ ಆಸ್ಥಾನದವರಿಗೆ ಕೊಟ್ಟ ಅಥವಾ ಮಾರಿದ. ಹೀಗೆ 1538ರಲ್ಲಿ ಬ್ಯಾಟಲ್ ಅಬ್ಬೆ ಎಂಬ ಮಠ ಸರ್ ಆಂಟನಿ ಬ್ರೌನ್ ಕೈಗೆ ಬಂತು. ಅದು ಸಣ್ಣ ಮಠ ಅಲ್ಲ. 1066ರ ಹೇಸ್ಟಿಂಗ್ಸ್ ಯುದ್ಧ ಗೆದ್ದ ವಿಲಿಯಂ ಯುದ್ಧ ನಡೆದ ಜಾಗದಲ್ಲೇ ಕಟ್ಟಿಸಿದ್ದು. ಬ್ರೌನ್ ಅಲ್ಲಿನ ಚರ್ಚ್ ಕೆಡವಿಸಿ ತನ್ನ ವಾಸದ ಮನೆ ಮಾಡ್ಕೊಂಡ. ಗೃಹಪ್ರವೇಶದ ಊಟದ ಹೊತ್ತಿಗೆ ಒಬ್ಬ ಸನ್ಯಾಸಿ ಒಳಗೆ ಬಂದು, ನಿನ್ನ ವಂಶ ಬೆಂಕಿ ಮತ್ತು ನೀರಿನಿಂದ ನಾಶವಾಗುತ್ತೆ ಅಂತ ಶಪಿಸಿದ ಎಂಬುದು ಐತಿಹ್ಯ. 1542ರಲ್ಲಿ ಬ್ರೌನ್‌ಗೆ ಮಲಸಹೋದರನಿಂದ ಕೌಡ್ರೇ ಮನೆಯೂ ಬಂತು, ಶಾಪವೂ ಮನೆಗೆ ಅಂಟಿಕೊಂಡಿತು. ಇದನ್ನು ಓದುವಾಗ ನಮಗೆ ಅಲಮೇಲಮ್ಮ ನೆನಪಾಗದೇ ಇರಲಿಲ್ಲ.

ಆಮೇಲೆ? ಏನೂ ಆಗಲಿಲ್ಲ. ಸುಮಾರು 250 ವರ್ಷ ಆ ಮನೆತನ ಆರಾಮಾಗಿತ್ತು. ಬ್ರೌನ್ ಮಗ ವೈಕೌಂಟ್ ಮಾಂಟೆಗ್ಯೂ ಆದ. 1591ರಲ್ಲಿ ಎಲಿಜಬೆತ್ ರಾಣಿಯೇ ಬಂದು ಕೌಡ್ರೇಯಲ್ಲಿ ಉಳಿದಳು. ತಮಾಷೆ ಅಂದ್ರೆ ಈ ಮನೆತನ ತಲೆಮಾರುಗಟ್ಟಲೆ ಕ್ಯಾಥೊಲಿಕ್ ಆಗಿಯೇ ಉಳಿಯಿತು. ಕ್ಯಾಥೊಲಿಕ್ ಸನ್ಯಾಸಿಯ ಶಾಪ ಕ್ಯಾಥೊಲಿಕ್ ಮನೆಗೇ.

1793ರ ಸೆಪ್ಟೆಂಬರ್ 24ರ ರಾತ್ರಿ ಕೌಡ್ರೇ ಸುಟ್ಟುಹೋಯಿತು. ಎಂಟನೇ ವೈಕೌಂಟ್‌ನ ಮದುವೆ ಹತ್ತಿರವಿತ್ತು, ಮನೆ ರಿಪೇರಿ ನಡೀತಿತ್ತು. ಬಡಗಿಗಳು ಕೆಲಸ ಮಾಡುತ್ತಿದ್ದ ಉತ್ತರದ ಗ್ಯಾಲರಿಯಲ್ಲಿ ಆರದೇ ಉಳಿದ ಇದ್ದಿಲಿನ ಕೆಂಡದಿಂದ ಬೆಂಕಿ ಹತ್ತಿತು. ಮರಗೆಲಸದ ಜಾಗದಲ್ಲಿ ಹೊಟ್ಟು, ಚಕ್ಕೆ, ಪಕ್ಕದಲ್ಲಿ ಕೆಂಡ. ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ಇನ್‌ಸ್ಟ್ರಕ್ಟರ್ ನಮಗೆ ಮೊದಲ ದಿನವೇ ಬೈದಿದ್ದು ಇದಕ್ಕೇ. ಆಗ 24 ವರ್ಷದ ವೈಕೌಂಟ್ ಯುರೋಪ್ ಪ್ರವಾಸದಲ್ಲಿದ್ದ. ಕೆಲವೇ ವಾರಗಳಲ್ಲಿ, ಅಕ್ಟೋಬರ್‌ನಲ್ಲಿ, ಸ್ನೇಹಿತನ ಜೊತೆ ಲೌಫೆನ್‌ಬುರ್ಗ್ ಹತ್ತಿರ ರೈನ್ ನದಿಯ ರಭಸದಲ್ಲಿ ದೋಣಿ ಇಳಿಸಲು ಹೋಗಿ ಇಬ್ಬರೂ ಮುಳುಗಿ ಸತ್ತರು. ಮನೆ ಸುಟ್ಟ ಸುದ್ದಿ ಅವನಿಗೆ ತಲುಪಿಯೇ ಇರಲಿಲ್ಲ ಅಂತಾರೆ.

ಪಟ್ಟ ಹೋಗಿದ್ದು ದೂರದ ನೆಂಟನೊಬ್ಬನಿಗೆ. ಅವನು ಸನ್ಯಾಸಿ! ವಂಶ ಉಳಿಸಲು ಪೋಪ್ ಅನುಮತಿ ಪಡೆದು ಮದುವೆಯಾದ, ಆದರೆ 1797ರಲ್ಲಿ ಮಕ್ಕಳಿಲ್ಲದೆ ಸತ್ತ. ಆಸ್ತಿ ಎಂಟನೆಯವನ ಸೋದರಿಗೆ ಬಂದಿತ್ತು. ಅವಳ ಇಬ್ಬರು ಗಂಡುಮಕ್ಕಳೂ 1815ರಲ್ಲಿ ಬಾಗ್ನರ್ ಕಡಲತೀರದಲ್ಲಿ ದೋಣಿ ಮಗುಚಿ ಮುಳುಗಿದರು.

ಇಲ್ಲಿಗೆ ಬಂದಾಗ ನಮ್ಮಲ್ಲಿ ಒಬ್ಬ ಕರ್ಮ ಅಂದ, ಇನ್ನೊಬ್ಬ ಕೋಇನ್ಸಿಡೆನ್ಸ್ ಅಂದ. ಎರಡೂ ಪ್ರಶ್ನೆಗೆ ಉತ್ತರ ಅಲ್ಲ ಅನ್ಸುತ್ತೆ. ಬೆಂಕಿ ಹೇಗೆ ಹತ್ತಿತು ಅನ್ನೋದಕ್ಕೆ ಕೆಂಡ ಸಾಕು. ಆದರೆ ಬೆಂಕಿ ಬಿದ್ದ ಮನೆ ಇಂಗ್ಲೆಂಡಲ್ಲಿ ಎಷ್ಟೋ ಇದ್ದಾವು. ಈ ಮನೆಯ ಬೆಂಕಿಯನ್ನು ಜನ 250 ವರ್ಷ ಹಿಂದಿನ ಜಮೀನು ವ್ಯವಹಾರಕ್ಕೆ ಯಾಕೆ ಗಂಟು ಹಾಕಿದರು?

ಸೈಟ್ ತಗೊಳ್ಳೋ ಮುಂಚೆ ನಮ್ಮ ಮನೆಗಳಲ್ಲಿ ಇಸಿ ತೆಗೆಸ್ತಾರೆ ಗೊತ್ತಲ್ಲ. ಈ ಜಾಗ ಯಾರಿಂದ ಯಾರಿಗೆ ಬಂತು, ಸಾಲ ಇದೆಯಾ ಅಂತ ನೋಡೋಕೆ. ಬ್ಯಾಟಲ್ ಅಬ್ಬೆಯ ಕಾಗದದಲ್ಲಿ ಎಲ್ಲ ಸರಿ ಇತ್ತು. ಮಠಾಧಿಪತಿ ಸಹಿ ಹಾಕಿ ಮಠ ಒಪ್ಪಿಸಿದ, ಸನ್ಯಾಸಿಗಳಿಗೆ ಪಿಂಚಣಿ ಸಿಕ್ತು, ರಾಜನ ಮುದ್ರೆ ಬಿತ್ತು. ಕಾನೂನಿನ ಪ್ರಕಾರ ಯಾರೂ ಯಾರಿಗೂ ಬಾಕಿ ಇಲ್ಲ. ಜನರಿಗೆ ಮಾತ್ರ ಹಾಗೆ ಅನ್ನಿಸಲಿಲ್ಲ. ರಿಜಿಸ್ಟರ್‌ನಲ್ಲಿ ಬರೆಯಲಾಗದ ಬಾಕಿಯನ್ನು ಅವರು ಶಾಪ ಅಂತ ಬಾಯಲ್ಲಿ ಇಟ್ಕೊಂಡರು.

ಇದು ಬರೀ ಹಳ್ಳಿ ಮಾತಲ್ಲ, ಇದರ ಮೇಲೆ ಸರ್ವೆ ಮಾಡಿದ ವಿದ್ವಾಂಸರೂ ಇದ್ದರು. ಸರ್ ಹೆನ್ರಿ ಸ್ಪೆಲ್ಮನ್ ಎಂಬ ಚರಿತ್ರೆಕಾರ ತಾನೇ ಮಠದ ಜಮೀನು ಗುತ್ತಿಗೆ ಹಿಡಿದು ವರ್ಷಗಟ್ಟಲೆ ಕೋರ್ಟ್ ಅಲೆದವನು. ಆಮೇಲೆ ಅವನು ನಾರ್ಫೋಕ್‌ನಲ್ಲಿ 12 ಮೈಲಿ ತ್ರಿಜ್ಯದ ವೃತ್ತ ಎಳೆದು, ಅದರೊಳಗಿನ ಸುಮಾರು ಎರಡು ಡಜನ್ ಮಠದ ಜಾಗಗಳನ್ನೂ ಅಷ್ಟೇ ಸಂಖ್ಯೆಯ ಸಾಮಾನ್ಯ ಜಮೀನ್ದಾರರ ಮನೆಗಳನ್ನೂ ಹೋಲಿಸಿದ. ಮಠದ ಜಾಗಗಳು ಒಂದು ಕುಟುಂಬದಲ್ಲಿ ನಿಲ್ಲದೆ ಮತ್ತೆ ಮತ್ತೆ ಕೈ ಬದಲಾಗಿದ್ದವು, ಉಳಿದವು ಹೆಚ್ಚಾಗಿ ಹಾಗಾಗಿರಲಿಲ್ಲ. ಅವನ ಪುಸ್ತಕ ಅವನು ಸತ್ತು ಎಷ್ಟೋ ವರ್ಷದ ಮೇಲೆ, 1698ರಲ್ಲಿ ಅಚ್ಚಾಯಿತು. ಆ ಕಾಲಕ್ಕೇ ಕಂಟ್ರೋಲ್ ಗ್ರೂಪ್ ಇಟ್ಟಿದ್ದನಲ್ಲ, ಅದಕ್ಕೆ ಮೆಚ್ಚಬೇಕು. ತೀರ್ಮಾನ ಮಾತ್ರ ನಾವು ಒಪ್ಪಲ್ಲ. ಹೊಸದಾಗಿ ಮಾರುಕಟ್ಟೆಗೆ ಬಂದ ಜಮೀನು ಲಾಭಕ್ಕಾಗಿ ಕೈ ಬದಲಾಗೋದು ಸಹಜ, ಅದಕ್ಕೆ ದೇವರ ಕೋಪ ಬೇಕಿಲ್ಲ.

ಕಾದಂಬರಿಕಾರರಿಗೆ ಈ ಬಾಕಿಯೇ ಬಂಡವಾಳ. 1764ರಲ್ಲಿ ಹೊರೇಸ್ ವಾಲ್‌ಪೋಲ್ ಬರೆದ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ನಡೆಯೋದು ಇಟಲಿಯಲ್ಲಿ, ಆದರೆ ಅಚ್ಚು ಅಲ್ಲೇ ತಯಾರಾಯಿತು: ತಾತ ಯಜಮಾನನಿಗೆ ವಿಷ ಹಾಕಿ, ಸುಳ್ಳು ವಿಲ್ ತೋರಿಸಿ ಕೋಟೆ ಹೊಡ್ಕೊಂಡ, ಮೊಮ್ಮಗನ ಕಾಲಕ್ಕೆ ಲೆಕ್ಕ ಚುಕ್ತಾ. ಅದನ್ನು ಇಂಗ್ಲೆಂಡಿನ ಮ್ಯಾನರ್‌ಗೆ ತಂದವರಲ್ಲಿ ವಿಲಿಯಂ ಹ್ಯಾರಿಸನ್ ಐನ್ಸ್‌ವರ್ತ್ ಮುಖ್ಯ. ಅವನ 'ರೂಕ್‌ವುಡ್' 1834ರದ್ದು. ಮನೆ ಮುಂದಿನ ಹಳೇ ಮರದ ಕೊಂಬೆ ಬಿದ್ದರೆ ಮನೆಯಲ್ಲಿ ಸಾವು ಖಚಿತ. ಇದಕ್ಕೆ ಮಾದರಿ ಸಸೆಕ್ಸ್‌ನ ಕಕ್‌ಫೀಲ್ಡ್ ಪ್ಲೇಸ್ ಎಂಬ ನಿಜವಾದ ಮನೆ. ಕಥೆ ಪೂರ್ತಿ ಒಂದೇ ಗಲಾಟೆ: ತಂದೆ ತಾಯಿಯ ಮದುವೆ ಕಾನೂನುಬದ್ಧವಾ, ಆಸ್ತಿಗೆ ನಿಜವಾದ ವಾರಸುದಾರ ಯಾರು? ಅಲ್ಲೂ ಕಾಗದಪತ್ರವೇ! ಷರ್ಲಾಕ್ ಹೋಮ್ಸ್‌ನ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಚಾರಿತ್ರಿಕ ಕಾದಂಬರಿ ಅಲ್ಲದಿದ್ರೂ ಅದರೊಳಗೆ 1742ರ ಹಸ್ತಪ್ರತಿ ಬರುತ್ತಲ್ಲ. ಅಲ್ಲಿ ಗುಟ್ಟಾಗಿದ್ದ ವಾರಸುದಾರನೇ ಆಸ್ತಿಗಾಗಿ ಶಾಪವನ್ನು ಉಪಯೋಗಿಸಿಕೊಳ್ತಾನೆ.

ಈಗ ನಮ್ಮ ಜಗಳಕ್ಕೆ ವಾಪಸ್ ಬರೋಣ. ಈ ಕಥೆಗಳಲ್ಲಿ ನಮಗೆ ಕಿರಿಕಿರಿ ಮಾಡಿದ್ದು ಒಂದೇ: ಬೆಲೆ ಕೊಡೋರು ಯಾವಾಗಲೂ ಕದ್ದವರಲ್ಲ. ಆಂಟನಿ ಬ್ರೌನ್ 1548ರಲ್ಲಿ ಶ್ರೀಮಂತನಾಗಿಯೇ ಸತ್ತ. ಮುಳುಗಿದ್ದು ಬಾಗ್ನರ್‌ನ ಹುಡುಗರು. 'ಗ್ರೀನ್ ಡಾರ್ಕ್‌ನೆಸ್' ಇದಕ್ಕೆ ಬೇರೆ ದಾರಿ ಹಿಡಿಯುತ್ತೆ. ಪುನರ್ಜನ್ಮ ತಂದದ್ದರಿಂದ ತಪ್ಪು ಮಾಡಿದವರೇ ವಾಪಸ್ ಬಂದು ಅನುಭವಿಸ್ತಾರೆ, ಮೊಮ್ಮಕ್ಕಳಲ್ಲ. ಆಕಾನಂದನೂ ಹೊರಗಿನವನಲ್ಲ. ಆ ಜನ್ಮದಲ್ಲಿ ಅವನೊಬ್ಬ ಇಟಾಲಿಯನ್ ವೈದ್ಯ, ಸಹಾಯ ಮಾಡಬಹುದಾಗಿದ್ದಾಗ ಮಾಡದೆ ಹೋದವನು. ಶಾಪಕ್ಕಿಂತ ಕರ್ಮ ಹೆಚ್ಚು ನ್ಯಾಯ ಅಂತ ಲೇಖಕಿಗೆ ಅನಿಸಿರಬೇಕು. ನಮಗೆ ಪೂರ್ತಿ ಸಮಾಧಾನ ಆಗಲಿಲ್ಲ. ಗೋಡೆಯೊಳಗೆ ಸತ್ತವಳೂ ಸೀಲಿಯಾ, 1968ರಲ್ಲಿ ಮತ್ತೆ ನರಳೋದೂ ಸೀಲಿಯಾ. ಅವಳು ಯಾರ ಜಮೀನು ಕಿತ್ಕೊಂಡಿದ್ದಳು?

ಆ ಗೋಡೆಯ ಮನೆ ಕೆಂಟ್ ಪ್ರಾಂತ್ಯದಲ್ಲಿದೆ. ಇಂಗ್ಲಿಷ್‌ನಲ್ಲಿ ಅದರ ಸ್ಪೆಲಿಂಗ್ ಏನೇನೋ ಇದೆ, ಹೇಳೋದು ಮಾತ್ರ 'ಐಟಮ್ ಮೋಟ್'. 14ನೇ ಶತಮಾನದ ಮನೆ, ಸುತ್ತ ನೀರಿನ ಕಂದಕ. 1872ರಲ್ಲಿ ಅಲ್ಲಿ ಗೋಡೆಯೊಳಗೆ ಹೆಣ್ಣಿನ ಅಸ್ಥಿಪಂಜರ ಸಿಕ್ಕಿತು ಅಂತ ಕಥೆಯಿದೆ, ಗಟ್ಟಿ ದಾಖಲೆ ಇಲ್ಲ. ನ್ಯಾಷನಲ್ ಟ್ರಸ್ಟ್ 1989ರಿಂದ 2004ರವರೆಗೆ ಒಂದು ಕೋಟಿ ಪೌಂಡ್‌ಗೂ ಹೆಚ್ಚು ಖರ್ಚು ಮಾಡಿ ಈ ಮನೆಯನ್ನು ರಿಪೇರಿ ಮಾಡಿತು.

ಕೌಡ್ರೇ ಎಸ್ಟೇಟ್‌ನ ಇಸಿಯಲ್ಲಿ ಇನ್ನೆರಡು ಎಂಟ್ರಿ ಬಾಕಿ. 1843ರಲ್ಲಿ ಎಗ್ಮಂಟ್ ಅರ್ಲ್ ಕೊಂಡ. 1909ರಲ್ಲಿ ಕೊಂಡವನು ವೀಟ್‌ಮನ್ ಪಿಯರ್ಸನ್, ಲಂಡನ್ನಿನ ಥೇಮ್ಸ್ ಕೆಳಗಿನ ಬ್ಲ್ಯಾಕ್‌ವಾಲ್ ಸುರಂಗ ಕಟ್ಟಿದ ಕಂಪನಿಯ ಒಡೆಯ. ಅಂದ್ರೆ ಸಿವಿಲ್ ಕಾಂಟ್ರಾಕ್ಟರ್. ನಮ್ಮ ರೂಮ್‌ನ ಸಿವಿಲ್ ಬ್ರಾಂಚ್ ಹುಡುಗನಿಗೆ ಇದರಿಂದ ಆದ ಖುಷಿ ಅಷ್ಟಿಷ್ಟಲ್ಲ. ನೀರಿನ ಕೆಳಗೆ ಕೆಲಸ ಮಾಡಿದವನು ನೀರಿನ ಶಾಪಕ್ಕೆ ಹೆದರ್ತಾನಾ ಅಂತ ಅವನ ವಾದ. ಪಿಯರ್ಸನ್ ಸುಟ್ಟ ಮನೆಯನ್ನು ಮತ್ತೆ ಕಟ್ಟಲಿಲ್ಲ, ಗೋಡೆಗಳು ಬೀಳದಂತೆ ಭದ್ರ ಮಾಡಿಸಿ ಬಿಟ್ಟ. ಮಿಡ್‌ಹರ್ಸ್ಟ್ ಊರಿನ ಪಕ್ಕ ಅದು ಈಗಲೂ ಸೂರಿಲ್ಲದೆ ನಿಂತಿದೆ, ಆ ಎಸ್ಟೇಟ್‌ನ ಬಯಲಲ್ಲಿ ಪೋಲೊ ಆಡ್ತಾರೆ.