ಗೋಡೆಯ ಮೇಲಿನ ವಿದ್ವಾಂಸರು

ಜಯನಗರದ ನಮ್ಮ ನಡುಮನೆಯಲ್ಲಿ ತ್ಯಾಗರಾಜಸ್ವಾಮಿಗಳ ಪಟದ ಪಕ್ಕದಲ್ಲಿ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರ ಛಾಯಾಚಿತ್ರವಿದೆ. ಜಾಜ್ ವಾದ್ಯವೆಂದು ಲೋಕವರಿತ ಸ್ಯಾಕ್ಸಫೋನನ್ನು ಹಿಡಿದವರಿಗೆ ಅಲ್ಲೇಕೆ ಸ್ಥಾನವೆಂದು ಬಂಧುಗಳು ಕೇಳಿದ್ದುಂಟು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕಂಡು ಮೋಹಿತರಾದ ಅವರು, ಬಹುವರ್ಷಗಳ ಸಾಧನೆಯಿಂದ ಅದರಲ್ಲಿ ಗಮಕಗಳನ್ನು ನುಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಕರ್ನಾಟಕ ಸಂಗೀತವನ್ನು ಕೇಳಿಸಿದರೆಂಬುದೇ ನಮ್ಮ ಉತ್ತರ.

2019ರಲ್ಲಿ ಅವರು ಕಾಲವಾದರು. ಬಳಿಕ ಒಂದು ದಿನ ನೋಡಲಾಗಿ, ಪಡುವಣ ಕಿಟಕಿಯ ಬಿಸಿಲಿಗೆ ಚಿತ್ರದಲ್ಲಿನ ವಾದ್ಯದ ಹೊಂಬಣ್ಣವು ಮಾಸಿಹೋಗಿತ್ತು. ಹೋದ ಬಣ್ಣವು ಮರಳದು. ಆದುದರಿಂದ ಗೃಹಸ್ಥರು ಛಾಯಾಚಿತ್ರವನ್ನು ಬಿಸಿಲು ತೇವಗಳಿಲ್ಲದ ಗೋಡೆಗೆ ತೂಗಹಾಕತಕ್ಕದ್ದು. ಕಟ್ಟು ಹಾಕಿಸುವಾಗ ಚಿತ್ರವು ಗಾಜಿಗೆ ಅಂಟದಂತೆ ನಡುವೆ ದಪ್ಪ ರಟ್ಟಿನ ಅಂಚನ್ನು ಇರಿಸತಕ್ಕದ್ದು.

ನಮ್ಮ ಪಟವನ್ನು ಒಳಗೋಡೆಗೆ ಸರಿಸಿದ್ದೇವೆ. ಅದರ ಕೆಳಗೆ ಕುಳಿತು ಮೊಮ್ಮಕ್ಕಳು ಅವರ ಧ್ವನಿಮುದ್ರಿಕೆಗಳನ್ನು ಕೇಳುತ್ತಾರೆ.