ಒಪಿಡಿಗೆ ಬೇಕು ಎರಡು ಬಾಗಿಲು, ಒಂದು ಕನ್ನಡ ಬೋರ್ಡು

ಪಣಜಿ: ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆ ಅಂದರೆ ಇಲ್ಲಿಯ ಕನ್ನಡಿಗರಿಗೆ ದೊಡ್ಡ ಭರವಸೆ. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ವೈದ್ಯ ಶಾಲೆಯೇ ಇದರ ಮೂಲ. ಝುವಾರಿನಗರ, ಬೈನಾ, ವೆರ್ಣಾ ಕಡೆಯಿಂದ ಬರುವ ಕೂಲಿಕಾರರಿಗೆ ಒಪಿಡಿಗೆ ಹೋಗುವುದೆಂದರೆ ಆ ದಿನದ ಪಗಾರ ಹೋಯಿತೆಂದೇ ಲೆಕ್ಕ. ಕಾರವಾರ ಕಡೆಯಿಂದ ಬರುವವರಿಗೆ ಬಸ್ ಖರ್ಚಿನ ಜೊತೆಗೆ, 2018ರ ಜನವರಿಯಲ್ಲಿ ಹೊರರಾಜ್ಯದವರಿಗೆಂದು ಶುಲ್ಕವೂ ಶುರುವಾಯಿತು.

ಹಾಗಾಗಿ ಒಪಿಡಿಯ ನಕ್ಷೆ ಹೇಗಿರಬೇಕು ಎಂಬುದು ಬರೀ ಎಂಜಿನಿಯರ್ ಸಾಹೇಬರ ವಿಷಯವಲ್ಲ.

ಯಾವುದೇ ದೊಡ್ಡ ಸರ್ಕಾರಿ ಆಸ್ಪತ್ರೆ ತಗೊಳ್ಳಿ. ಕೇಸ್ ಪೇಪರ್, ಡಾಕ್ಟರ್, ರಕ್ತ ತಪಾಸಣೆ, ಮತ್ತೆ ಡಾಕ್ಟರ್, ಕೊನೆಗೆ ಔಷಧಿ. ಇವು ಸಾಲಾಗಿದ್ದರೆ ರೋಗಿ ಒಂದೇ ದಿಕ್ಕಿಗೆ ನಡೀತಾನೆ. ಇಲ್ಲದಿದ್ದರೆ ಮೊಣಕಾಲು ನೋವಿನ ಅಜ್ಜಿ ನಾಲ್ಕು ಸಲ ಹೋಗಿ ಬರಬೇಕು!

ನಿಜವಾದ ಜಗಳ ಡಾಕ್ಟರ ಕೋಣೆಯ ಬಾಗಿಲಲ್ಲಿ. ಒಳಗೆ ಹೋಗೋರು, ಹೊರಗೆ ಬರೋರು, ಇಣುಕೋರು, ಇವರ ನಡುವೆಯೇ ಟ್ರೇ ಹಿಡಿದ ನರ್ಸ್. ಹತ್ತು ಜನರ ಕಿವಿ ಹೊರಗಿರುವಾಗ ಹೆಣ್ಣುಮಗಳು ತನ್ನ ತೊಂದರೆಯನ್ನು ಡಾಕ್ಟರಿಗೆ ಹೇಗೆ ಹೇಳಿಯಾಳು? ರೋಗಿಗಳಿಗೆ ಒಂದು ಬಾಗಿಲು, ಸಿಬ್ಬಂದಿಗೆ ಹಿಂದಿನಿಂದ ಇನ್ನೊಂದು, ಮುಂದೆ ನಾಲ್ಕೈದು ಕುರ್ಚಿಯ ಸಣ್ಣ ಜಾಗ, ನಡುವೆ ಒಂದು ಪರದೆ ಇದ್ದರೆ ಇಬ್ಬರಿಗೂ ಉಸಿರಾಡಲು ಆಗುತ್ತದೆ.

ಉಸಿರಿನ ಮಾತು ಸುಮ್ಮನೆ ಹೇಳಿದ್ದಲ್ಲ. ಟಿಬಿಯಂಥ ಗಾಳಿಯಿಂದ ಹರಡುವ ರೋಗ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕೆಮ್ಮುವವರನ್ನು ಬೇರೆ ಕೂರಿಸಿ, ಕಾಯುವ ಜಾಗಕ್ಕೆ ಗಾಳಿ ಬಿಡಿ, ಗಾಳಿ ಡಾಕ್ಟರ ಕಡೆಯಿಂದ ರೋಗಿಯ ಕಡೆ ಹೋಗುವಂತೆ ಕುರ್ಚಿ ಹಾಕಿ ಎಂಬುದು ಅದರ ಸಾರ. ಮೇಜು ತಿರುಗಿಸಲು ಟೆಂಡರ್ ಬೇಕೇ? ಗೋವಾದ ಹಳೇ ಮನೆಗಳ ಮುಂದಿನ ಬಾಲ್ಕಾಂವ್ ನೋಡಿದವರಿಗೆ ತೆರೆದ ಜಾಗದಲ್ಲಿ ಕಾಯುವ ಸುಖ ಗೊತ್ತು.

ಇನ್ನು ಬೋರ್ಡು. 1987ರ ಕಾಯ್ದೆಯಂತೆ ಗೋವಾದ ರಾಜಭಾಷೆ ಕೊಂಕಣಿ, ಮರಾಠಿಗೂ ಅವಕಾಶವಿದೆ. ಆದರೆ 2011ರ ಜನಗಣತಿಯಂತೆ ರಾಜ್ಯದ ನೂರು ಜನರಲ್ಲಿ ನಾಲ್ವರಿಗಿಂತ ಹೆಚ್ಚಿನವರ ಮಾತೃಭಾಷೆ ಕನ್ನಡ. ದೇವನಾಗರಿ ಬಾರದ ಬಾಗಲಕೋಟೆಯ ತಾಯಿ "ಅಕ್ಕಾರ, ಚೀಟಿ ಎಲ್ಲಿ ಮಾಡಸೂದ್ರಿ?" ಅಂತ ಸಿಕ್ಕವರನ್ನೆಲ್ಲ ಕೇಳಬೇಕು. ಕನ್ನಡದ ಒಂದು ಸಾಲು ಬರೆಸಿ, ಅಕ್ಷರವೇ ಬಾರದವರಿಗೆ ನೆಲದ ಮೇಲೆ ಬಣ್ಣದ ಪಟ್ಟಿ ಎಳೆದರೆ ಸಿಬ್ಬಂದಿಗೂ ಉತ್ತರ ಹೇಳಿ ಹೇಳಿ ಸಾಕಾಗುವುದಿಲ್ಲ.

ಕಣ್ಣಿನ ವಿಭಾಗದ್ದು ಬೇರೆಯೇ ಕಥೆ. ಡ್ರಾಪ್ಸ್ ಹಾಕಿದ ಮೇಲೆ ಕಣ್ಣು ಮಂಜಾಗಿ ಬೋರ್ಡೂ ಕಾಣದು, ಪಟ್ಟಿಯೂ ಕಾಣದು. ಅವರನ್ನು ಬೇರೆ ಹಾಲ್‌ಗೆ ಕಳಿಸದೆ ತಪಾಸಣೆ ಕೋಣೆಯ ಪಕ್ಕದಲ್ಲೇ ಕೂರಿಸಬೇಕು.