ಸರದಿಯ ಒಡೆತನ

ಕುಣಿಗಲ್ ಕೆರೆಯ ಕೆಳಗೆ ಗದ್ದೆಯುಳ್ಳವರಿಗೆ ಸರದಿಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಕೆರೆ ಯಾರೊಬ್ಬರದೂ ಅಲ್ಲ. ಆದರೂ ನೀರುಗಂಟಿ ತೂಬೆತ್ತಿ ಬಿಟ್ಟ ನೀರು ತನ್ನ ಸರದಿಯ ಹೊತ್ತಿಗೆ ಒಬ್ಬೊಬ್ಬನದು. ಪಾಳಿಯ ಮೇಲೆ ಪೂಜೆ ನಡೆಸುವ ಅರ್ಚಕ ಮನೆತನಗಳಲ್ಲಿಯೂ ಇದೇ ಏರ್ಪಾಡು. ಈ ಪದ್ಧತಿಯನ್ನು ವಿಹಾರಧಾಮದ ಕೊಠಡಿಗೆ ಹೊಂದಿಸಿದರೆ ಅದೇ ಟೈಮ್‌ಶೇರ್. ಒಂದು ಕೊಠಡಿಯ ವೆಚ್ಚವನ್ನು ಹಲವಾರು ಕುಟುಂಬಗಳು ಹಂಚಿಕೊಂಡು, ಒಂದೊಂದು ಕುಟುಂಬವೂ ವರ್ಷಕ್ಕೆ ಒಂದು ವಾರ ತಂಗುವುದು. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡ್, ಫ್ರಾನ್ಸ್‌ಗಳಲ್ಲಿ ತಲೆಯೆತ್ತಿದ ಈ ವ್ಯವಹಾರ ನಮ್ಮಲ್ಲಿ ನೆಲೆಯೂರಿದ್ದು 1986ರಲ್ಲಿ ಸ್ಥಾಪನೆಯಾದ ಸ್ಟರ್ಲಿಂಗ್, 1996ರಲ್ಲಿ ಆರಂಭವಾದ ಮಹೀಂದ್ರ ಹಾಲಿಡೇಸ್ ಮುಂತಾದ ಸಂಸ್ಥೆಗಳಿಂದ.

ನಾನು ಇದನ್ನು ವಿಚಾರಿಸತೊಡಗಿದ್ದು ಗುಬ್ಬಿಯ ಮಿತ್ರರೊಬ್ಬರ ನಿಮಿತ್ತ. ಅವರು ನಿವೃತ್ತ ಉಪಾಧ್ಯಾಯರು. ತುಮಕೂರಿನ ಒಂದು ಅಂಗಡಿಯಲ್ಲಿ ಚೀಟಿ ಬರೆದುಹಾಕಿದ್ದರಂತೆ. ಬಹುಮಾನ ಬಂದಿದೆಯೆಂದು ಫೋನು ಬಂತು. ದಂಪತಿಗಳಿಬ್ಬರೂ ಹೋಟೆಲಿಗೆ ಬಂದೇ ಅದನ್ನು ಪಡೆಯಬೇಕೆಂಬ ನಿಬಂಧನೆ ಬೇರೆ. ಊಟಕ್ಕೆ ಮುಂಚೆ ಎರಡು ಗಂಟೆಗಳ ಉಪನ್ಯಾಸ. ಕೊನೆಗೆ, ಈ ದರ ಈ ಹೊತ್ತಿಗೆ ಮಾತ್ರ ಎಂಬ ಎಚ್ಚರಿಕೆ. ಇಪ್ಪತ್ತೈದು ವರ್ಷಗಳ ಸದಸ್ಯತ್ವವೆಂದು ಕೇಳಿದೊಡನೆ ಅವರ ಶ್ರೀಮತಿಯವರು, “ಅಷ್ಟು ಹೊತ್ತಿಗೆ ನಮಗೆ ಎಂಬತ್ತೈದಾಗಿರುತ್ತೆ, ಬೆಟ್ಟ ಹತ್ತೋರು ಯಾರಪ್ಪಾ?” ಎಂದು ಎದ್ದರಂತೆ. ಪಣಕ್ಕಿದ್ದದ್ದು ಗ್ರ್ಯಾಚುಟಿಯ ಹಣ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಸದಸ್ಯತ್ವಕ್ಕೆ 4 ಲಕ್ಷ, ವರ್ಷಕ್ಕೆ ನಿರ್ವಹಣೆಯ ಶುಲ್ಕ 20,000, ಸಿಗುವುದು ಏಳು ರಾತ್ರಿ ಎಂದಿಟ್ಟುಕೊಳ್ಳಿ. 4 ಲಕ್ಷವನ್ನು ಇಪ್ಪತ್ತೈದರಿಂದ ಭಾಗಿಸಿ ವರ್ಷಕ್ಕೆ ಹದಿನಾರೇ ಸಾವಿರ ಎಂದು ಮಾರುವವರು ತೋರಿಸುತ್ತಾರೆ. ಆದರೆ ಆ ಹಣ ನೂರಕ್ಕೆ ಏಳರಂತೆ ಠೇವಣಿಯಲ್ಲಿದ್ದರೆ ವರ್ಷಕ್ಕೆ 28,000 ಬಡ್ಡಿ. ಶುಲ್ಕವೂ ಸೇರಿ 48,000; ಅಂದರೆ ರಾತ್ರಿಯೊಂದಕ್ಕೆ 6,800 ರೂಪಾಯಿಗೂ ಮೇಲೆ. ಬಡ್ಡಿಯ ಹಣದಲ್ಲಿ ತಿರುಗಾಡಿದವನಿಗೆ ಅಸಲು ಉಳಿದಿರುತ್ತದೆ, ಇಲ್ಲಿ ಅದೂ ಇಲ್ಲ. ಹೋಗಲಿ ಬಿಡಲಿ ಶುಲ್ಕ ತಪ್ಪದು; ಅದು ಏರುವುದೇ ಹೊರತು ಇಳಿದುದನ್ನು ನಾನು ಕೇಳಿಲ್ಲ.

ಹಾಗೆಂದು ಇದು ಯಾರಿಗೂ ಒಗ್ಗದೆಂದು ಹೇಳಲಾರೆ. ಪ್ರತಿವರ್ಷವೂ ತಪ್ಪದೆ ಹೊರಡುವ, ಹಿರಿಯರು ಮಕ್ಕಳೊಡನೆ ಅಡುಗೆಮನೆಯಿರುವ ಬಿಡಾರವನ್ನೇ ಬಯಸುವ, ದಿನಗಳನ್ನು ತಿಂಗಳುಗಟ್ಟಲೆ ಮುಂಚೆ ಗೊತ್ತುಮಾಡಬಲ್ಲ ಸಂಸಾರಕ್ಕೆ ಇದು ಅನುಕೂಲವೇ. ತೊಡಕು ಬರುವುದು ಸರದಿಯಲ್ಲಿ. ದಸರೆಗೂ ಬೇಸಗೆಗೂ ಎಲ್ಲರ ಮಕ್ಕಳಿಗೂ ಒಟ್ಟಿಗೇ ರಜೆ. ನಮ್ಮ ನೀರುಗಂಟಿಯ ಎದುರು ನಿಂತು ಜಗಳವಾಡಬಹುದು. ಕೊಠಡಿ ಖಾಲಿಯಿಲ್ಲವೆಂದು ಯಂತ್ರ ಹೇಳಿದರೆ ಜಗಳ ಯಾರೊಡನೆ?

ಬಿಡಿಯಾಗಿ ಕೊಠಡಿ ಹಿಡಿಯುವವನಿಗೆ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಿವೆ, ಕೊಡಗಿನ ಹೋಂಸ್ಟೇಗಳಿವೆ. ಅಲ್ಲಿಯೂ ದಸರೆಯಲ್ಲಿ ನೂಕುನುಗ್ಗಲು, ಏರಿದ ಬಾಡಿಗೆ. ಆದರೆ ಒಂದು ವರ್ಷ ಮನೆಯಲ್ಲಿ ಕಾಯಿಲೆಯಾದರೆ ಹೊರಡದಿದ್ದರಾಯಿತು, ಕಾಸೂ ಖರ್ಚಿಲ್ಲ.

ಇನ್ನೊಂದು ಹಳೆಯ ದಾರಿ ನನಗೆ ನೆನಪಾಗುತ್ತದೆ. ತಿರುಮಲೆಯಲ್ಲಿ ವಸತಿಗೃಹ ಕಟ್ಟಿಸಿಕೊಟ್ಟ ದಾನಿಗಳಿಗೆ ವರ್ಷದಲ್ಲಿ ಕೆಲವು ದಿನ ತಂಗುವ ಸೌಲಭ್ಯವಿದೆ. ಮೇಲ್ನೋಟಕ್ಕೆ ಇದೂ ಸರದಿಯ ಮನೆಯೇ. ಆದರೆ ಆ ದಾನಿ ಹಣ ಕೈಬಿಟ್ಟಿತೆಂದು ತಿಳಿದೇ ಕೊಟ್ಟವನು. ಟೈಮ್‌ಶೇರ್ ಕೊಂಡವನು ಆಸ್ತಿ ಮಾಡಿದೆನೆಂದು ಹಿಗ್ಗುತ್ತಾನೆ. ಸಾಮಾನ್ಯವಾಗಿ ಅವನ ಕೈಯಲ್ಲಿರುವುದು ಉಪನೋಂದಣಿ ಕಚೇರಿಯ ಕ್ರಯಪತ್ರವಲ್ಲ, ಸೇವೆಯ ಕರಾರು. ಮಾರಹೊರಟರೆ ಕೊಟ್ಟ ಬೆಲೆ ಹುಟ್ಟುವುದು ಕಷ್ಟ.

ಈಗಾಗಲೇ ರುಜು ಹಾಕಿದವರು ಕರಾರಿನಲ್ಲಿ ಹಿಂದೆಗೆಯಲು ಎಷ್ಟು ದಿನ ಕೊಟ್ಟಿದೆಯೆಂದು ಈ ರಾತ್ರಿಯೇ ನೋಡಲಿ. ಹಿಂದೆಗೆಯುವುದಾದರೆ ಬಾಯಿಮಾತು ಸಾಲದು, ಬರೆದೇ ತಿಳಿಸಬೇಕು. ಸೇವೆ ಕೊಡದೆ ಸತಾಯಿಸಿದರೆ, 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಸಂಸ್ಥೆಯ ಕಚೇರಿ ಮುಂಬಯಿಯಲ್ಲಿರಲಿ ಚೆನ್ನೈಯಲ್ಲಿರಲಿ, ಗುಬ್ಬಿಯವರಾಗಲಿ ಕುಣಿಗಲಿನವರಾಗಲಿ ತುಮಕೂರಿನ ಜಿಲ್ಲಾ ಆಯೋಗಕ್ಕೆ ಬಂದರೆ ಸಾಕು.